ಗುಡಿಯ ಎಡಕ್ಕೆ ಎರಡು ಓರೆಗೆರೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಪುಣೆಯ ಬಳಿ ಚಾಕಣದ ನಮ್ಮ ಕಾರ್ಖಾನೆಯ ಬಿಡಿಭಾಗಗಳ ವಿಭಾಗದಲ್ಲಿ, ಆರು ಕ್ರೇಟುಗಳಿಗೆ ಕಟ್ಟಿದ್ದ ಚೀಟಿಯನ್ನು ನಾನು ತಪ್ಪಾಗಿ ಓದಿದೆ. ಅಲ್ಲಿ ನಾನು ದುಭಾಷಿ. ಜಪಾನಿನಿಂದ ಬರುವ ಇಂಜಿನಿಯರುಗಳ ಮಾತನ್ನು ಮರಾಠಿ, ಹಿಂದಿಗಳಲ್ಲಿ ಕೆಲಸಗಾರರಿಗೂ ಕೆಲಸಗಾರರ ಮಾತನ್ನು ಜಪಾನಿಯಲ್ಲಿ ಇಂಜಿನಿಯರುಗಳಿಗೂ ಮುಟ್ಟಿಸುವುದು ನನ್ನ ಕೆಲಸ. ಚೀಟಿಯಲ್ಲಿ ದಪ್ಪ ಮಾರ್ಕರ್ ಪೆನ್ನಿನಿಂದ ಅವಸರದಲ್ಲಿ ಬರೆದ ನಾಲ್ಕು ಅಕ್ಷರಗಳಿದ್ದವು. ಮೊದಲೆರಡು ಕಾಂಜಿ, ಅಂದರೆ ಚೀನಾದಿಂದ ಜಪಾನಿಗೆ ಬಂದ ಚಿತ್ರಾಕ್ಷರಗಳು, ಸೇರಿ 'ಕೆನ್ಸ', ತಪಾಸಣೆ ಎಂದು ಅರ್ಥ. ಕೊನೆಯದು 'ಚಿ' ಎಂಬ ಹಿರಾಗಾನ, ಉಚ್ಚಾರಣೆಯನ್ನಷ್ಟೇ ಸೂಚಿಸುವ ಅಕ್ಷರ. ನಡುವೆ ಇದ್ದ ಕಾಂಜಿಯನ್ನು 'ಮೊ' ಎಂದು ಓದಿಕೊಂಡು ನಾನು ಇಡೀ ಪದವನ್ನು 'ಕೆನ್ಸ-ಮೊಚಿ' ಮಾಡಿದೆ. 'ಕನೆಮೊಚಿ' ಎಂದರೆ ಹಣವುಳ್ಳವನು, ಶ್ರೀಮಂತ. ಅದೇ ಜಾಡಿನಲ್ಲಿ ಇದು ತಪಾಸಣೆಯುಳ್ಳದ್ದು, ತಪಾಸಣೆ ಆಗಿಹೋದ ಮಾಲು ಎಂದು ಅರ್ಥ ಮಾಡಿಕೊಂಡೆ. "ಮ್ಯಾಡಮ್, ಹೇ ಕುಠೇ ಠೇವಾಯಚಂ?" ಎಂದು ಟ್ರಾಲಿ ಹಿಡಿದು ನಿಂತಿದ್ದ ಹುಡುಗ ಕೇಳಿದಾಗ, ಎಲ್ಲಿಡಬೇಕೆಂಬ ಆ ಪ್ರಶ್ನೆಗೆ ಉತ್ತರವಾಗಿ, ತಪಾಸಣೆ ಮುಗಿದ ಮಾಲಿನ ಸಾಲನ್ನು ಕೈಮಾಡಿ ತೋರಿಸಿದೆ.

ಚೀಟಿಯಲ್ಲಿ ಇದ್ದದ್ದು 'ಕೆನ್ಸ-ಮಚಿ'. ತಪಾಸಣೆಗಾಗಿ ಕಾಯುತ್ತಿರುವ ಮಾಲು. ಕಾಯುವುದಕ್ಕೆ ಜಪಾನಿಯಲ್ಲಿ 'ಮತ್ಸು', ಹಿಡಿಯುವುದಕ್ಕೆ ಅಥವಾ ಇಟ್ಟುಕೊಂಡಿರುವುದಕ್ಕೆ 'ಮೊತ್ಸು'. ಎರಡು ಕಾಂಜಿಗಳ ಬಲಭಾಗ ಒಂದೇ, ಗೆರೆಗಳ ಸಂಖ್ಯೆಯೂ ಒಂದೇ, ಒಂಬತ್ತು. ವ್ಯತ್ಯಾಸವೆಲ್ಲ ಎಡಭಾಗದ ಮೂರು ಗೆರೆಗಳಲ್ಲಿದೆ. ಕ್ರೇಟುಗಳು ಆ ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದವು. ಅಲ್ಲಿಂದ ಅವು ಅಸೆಂಬ್ಲಿಗೆ ಹೋಗುವ ಮೊದಲು ಚೀಟಿ ಬರೆದಿದ್ದ ಹಿರಿಯ ಇಂಜಿನಿಯರೇ ಗಮನಿಸಿ ತಡೆದರು. ಅವರು ಗದರಲಿಲ್ಲ. ನನ್ನನ್ನು ವೈಟ್‌ಬೋರ್ಡಿನ ಬಳಿ ಕರೆದು ಎರಡು ಅಕ್ಷರಗಳನ್ನೂ ದೊಡ್ಡದಾಗಿ, ನಿಧಾನವಾಗಿ, ಒಂದೊಂದು ಗೆರೆಯ ನಂತರವೂ ಕೈ ತಡೆದು ಬರೆದು ತೋರಿಸಿದರು. ಹಾಗೆ ಬರೆದಾಗ ನನಗೆ ಎರಡೂ ಗೊತ್ತಿದ್ದವು. ಆ ರಾತ್ರಿ ಕೊಥ್ರೂಡಿನ ಮನೆಯಲ್ಲಿ ಫೋನಿನಲ್ಲಿ ಕಾಂಜಿ ಕಲಿಯುವ ಆ್ಯಪ್ ತೆರೆದು, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರುವ ಅದರ ಕಾರ್ಡುಗಳಲ್ಲಿ ಈ ಎರಡನ್ನು ಹುಡುಕಿದೆ. ನೆನಪಿರುವ ಕಾರ್ಡನ್ನು ತಡವಾಗಿ, ಮರೆಯುವುದನ್ನು ಬೇಗ ಕೇಳುವುದು ಅದರ ಕ್ರಮ. 'ಕಾಯು' ಎಂಬುದನ್ನು ಇನ್ನು ನಾಲ್ಕು ತಿಂಗಳು ಕೇಳಬೇಕಾಗಿಲ್ಲ ಎಂದು ಆ್ಯಪ್ ತೀರ್ಮಾನಿಸಿತ್ತು. 'ಹಿಡಿ' ಎಂಬುದನ್ನು ಐದು ತಿಂಗಳು. ನನ್ನ ಫೋನಿನ ಲೆಕ್ಕದಲ್ಲಿ ಎರಡೂ ಪಕ್ವವಾದ, ನೆನಪಿನಲ್ಲಿ ಗಟ್ಟಿಯಾಗಿ ನಿಂತ ಕಾರ್ಡುಗಳು.

ಕಾಂಜಿಗೆ ಯಾವ ಆ್ಯಪ್ ಒಳ್ಳೆಯದು ಎಂದು ಪುಣೆಯ ಜಪಾನೀ ತರಗತಿಗಳಲ್ಲಿ ಹೊಸಬರು ಪ್ರತಿ ವರ್ಷವೂ ಕೇಳುತ್ತಾರೆ. ನನಗೆ ಆಗ ನಾಲ್ಕು ವರ್ಷಗಳ ಅಭ್ಯಾಸವಿತ್ತು, ಮೂರು ಆ್ಯಪ್‌ಗಳನ್ನು ಬದಲಿಸಿದ್ದೆ, ಉತ್ತರವೂ ಸಿದ್ಧವಾಗಿತ್ತು. ಆ ಮಧ್ಯಾಹ್ನದ ನಂತರ ನಾನು ಆ ಉತ್ತರವನ್ನು ಕೊಡುವುದನ್ನು ನಿಲ್ಲಿಸಿ, ಆರಿಸುವಾಗ ನಿಜವಾಗಿ ಏನನ್ನು ನೋಡಬೇಕಿತ್ತು ಎಂದು ಮೊದಲಿನಿಂದ ಯೋಚಿಸತೊಡಗಿದೆ.

ಕೈತಪ್ಪಿದ ಹದಿನಾಲ್ಕು ತಿಂಗಳು

ಕಂಪನಿ ಬಸ್ಸು ಬೆಳಿಗ್ಗೆ ಚಾಂದಣಿ ಚೌಕದಿಂದ ಹೊರಟು ವಾಕಡ, ನಾಸಿಕ ಫಾಟಾ, ಭೋಸರಿ, ಮೋಶಿ ದಾಟಿ ಚಾಕಣ ಸೇರಲು ಒಂದೂವರೆ ಗಂಟೆಗೆ ಕಡಿಮೆಯಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕ್ಯಾಮೆರಾ ಇರುವ ಫೋನುಗಳನ್ನು ಒಪ್ಪಿಸಿ ಒಳಗೆ ಹೋಗಬೇಕು. ಮನೆಗೆ ಮರಳಿದ ಮೇಲೆ ಅಡುಗೆ, ಮಗಳ ಶಾಲೆಯ ಪಾಠ. ಆದ್ದರಿಂದ ನನ್ನ ಕಾಂಜಿ ಅಭ್ಯಾಸವೆಲ್ಲ ನಡೆಯುವುದು ಬಸ್ಸಿನಲ್ಲಿ, ಒಂದು ಕೈಯಲ್ಲಿ ಎದುರು ಸೀಟಿನ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯಬೇಕು, ಒಂದೇ ಹೆಬ್ಬೆರಳಿಗೆ ನಿಲುಕಬೇಕು ಎಂಬ ಎರಡು ಬೇಡಿಕೆಗಳು ನನ್ನ ಬದುಕಿನ ಈ ಏರ್ಪಾಡಿನಿಂದಲೇ ಹುಟ್ಟಿದವು. ನಾನು ಮೊದಲು ಆರಿಸಿಕೊಂಡ ಆ್ಯಪ್ ಎರಡನ್ನೂ ಪೂರೈಸುತ್ತಿತ್ತು. ನೋಡಲು ಸುಂದರವಾಗಿತ್ತು, ಸತತವಾಗಿ ಎಷ್ಟು ದಿನ ಅಭ್ಯಾಸ ಮಾಡಿದೆ ಎಂಬ ಲೆಕ್ಕವನ್ನು ಪ್ರೀತಿಯಿಂದ ಇಡುತ್ತಿತ್ತು. ಹದಿನಾಲ್ಕು ತಿಂಗಳು ಅದರಲ್ಲಿ ಕಲಿತೆ. ಸುಮಾರು ಆರುನೂರು ಕಾರ್ಡುಗಳು, ಪ್ರತಿಯೊಂದರ ಹಿಂಭಾಗದಲ್ಲೂ ನಾನೇ ಬರೆದಿಟ್ಟ ಟಿಪ್ಪಣಿಗಳು.

ಹಳೆಯ ಫೋನು ಕೆಟ್ಟು ಹೊಸದನ್ನು ಕೊಂಡಾಗ ಆ್ಯಪ್ ತೆರೆಯಿತು, ನನ್ನ ಖಾತೆ ತೆರೆಯಲಿಲ್ಲ. ತಯಾರಕರಿಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲ. ಕೆಲವು ವಾರಗಳ ನಂತರ ಅದು ಆ್ಯಪ್ ಅಂಗಡಿಯಿಂದಲೇ ಮಾಯವಾಯಿತು. ಕಾಂಜಿಗಳು ತಲೆಯಲ್ಲಿ ಅಷ್ಟಿಷ್ಟು ಉಳಿದಿದ್ದವು, ಅವನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು. ನನಗೆ ನೋವಾದದ್ದು ಟಿಪ್ಪಣಿಗಳು ಹೋದದ್ದಕ್ಕೆ. ಒಂದು ಅಕ್ಷರವನ್ನು ಯಾವುದರೊಡನೆ ಹೋಲಿಸಿ ಗೊಂದಲಪಟ್ಟೆ, ಹೇಗೆ ಬಿಡಿಸಿಕೊಂಡೆ ಎಂಬ ಆ ಸಣ್ಣ ಸಣ್ಣ ಸಾಲುಗಳು ಕಲಿಕೆಯ ದಿನಚರಿಯಾಗಿದ್ದವು. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು: ಹೊಸ ಆ್ಯಪ್ ಹಾಕಿಕೊಂಡ ದಿನವೇ ಹತ್ತು ಕಾರ್ಡು ಮಾಡಿ, ಅವನ್ನು ಫೈಲಾಗಿ ಹೊರಗೆ ತೆಗೆದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೊರಗೆ ತೆಗೆಯುವ ದಾರಿ ಇಲ್ಲವಾದರೆ ಹನ್ನೊಂದನೆಯ ಕಾರ್ಡನ್ನು ಅದರಲ್ಲಿ ಬರೆಯಬೇಡಿ.

ಈ ಒಂದು ಕಾರಣಕ್ಕೆ ಆಂಕಿ ಎಂಬ ಕಾರ್ಡು ತಂತ್ರಾಂಶಕ್ಕೆ ಬಂದೆ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದ ಈ ತಂತ್ರಾಂಶದ ಹೆಸರೇ ಜಪಾನೀ ಪದ, ಬಾಯಿಪಾಠ ಎಂದು ಅರ್ಥ. ಆಂಡ್ರಾಯ್ಡ್ ಫೋನಿಗೆ ಸ್ವಯಂಸೇವಕರು ಕಟ್ಟಿ ನಡೆಸುತ್ತಿರುವ ಆಂಕಿಡ್ರಾಯ್ಡ್ ಉಚಿತ. ಐಫೋನಿನಲ್ಲಿ ಆಂಕಿಗೆ ಒಮ್ಮೆ ಹಣ ಕೊಡಬೇಕು, ಅಮೆರಿಕದ ಅಂಗಡಿಯಲ್ಲಿ 24.99 ಡಾಲರ್. (ಹೋಲುವ ಹೆಸರಿನ ಬೇರೆ ಆ್ಯಪ್‌ಗಳೂ ಇರುವುದರಿಂದ ಇಳಿಸಿಕೊಳ್ಳುವ ಮೊದಲು ತಯಾರಕರ ಹೆಸರನ್ನು ನೋಡಿಕೊಳ್ಳುವುದು ಒಳ್ಳೆಯದು.) ಕಾರ್ಡುಗಳು, ಚಿತ್ರಗಳು, ಧ್ವನಿ, ಯಾವುದನ್ನು ಎಂದು ಮರೆತೆ ಎಂಬ ಇತಿಹಾಸ, ಎಲ್ಲವೂ ಒಂದೇ ಫೈಲಾಗಿ ಹೊರಬರುತ್ತವೆ. ಪ್ರತಿ ತಿಂಗಳ ಮೊದಲ ಭಾನುವಾರ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಡುತ್ತೇನೆ.

ನೀರು ಮತ್ತು ಜಲ

ವಾಕ್ಯರಚನೆಯಲ್ಲಿ ಜಪಾನಿ ಕನ್ನಡಿಗರಿಗೆ ಅಪರಿಚಿತವೆನಿಸುವುದಿಲ್ಲ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಾಮಪದದ ಬೆನ್ನಿಗೆ ಅಂಟುವ ವಿಭಕ್ತಿಯಂಥ ಪ್ರತ್ಯಯಗಳು. ನಮ್ಮ ತರಗತಿಯ ಮರಾಠಿ ಗೆಳತಿಯರೂ ನಾನೂ ವ್ಯಾಕರಣವನ್ನು ಬೇಗ ದಾಟಿದೆವು. ಕಾಂಜಿಯ ಬಳಿ ಎಲ್ಲರೂ ನಿಂತೆವು. ಜಪಾನಿನಲ್ಲಿ ನಿತ್ಯಬಳಕೆಗೆಂದು ಸರ್ಕಾರ ಗುರುತಿಸಿರುವ ಜೋಯೋ ಪಟ್ಟಿಯಲ್ಲಿ 2010ರ ಪರಿಷ್ಕರಣೆಯ ನಂತರ 2136 ಅಕ್ಷರಗಳಿವೆ. ಆಂಕಿ ಹಾಕಿಕೊಂಡ ಹೊಸತರಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಯಾರೋ ಸಿದ್ಧಪಡಿಸಿ ಹಂಚಿದ್ದ 2136 ಕಾರ್ಡುಗಳ ಕಟ್ಟನ್ನು ಇಳಿಸಿಕೊಂಡು, ದಿನಕ್ಕೆ ಇಪ್ಪತ್ತು ಹೊಸ ಅಕ್ಷರದಂತೆ ನೂರೇಳು ದಿನಗಳಲ್ಲಿ ಮುಗಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಮೂರನೆಯ ವಾರಕ್ಕೆ ಪುನರಾವರ್ತನೆಗೆ ಬರುವ ಕಾರ್ಡುಗಳೇ ದಿನಕ್ಕೆ ಇನ್ನೂರರ ಹತ್ತಿರ ಬಂದವು. ಬಸ್ಸಿನ ಹೋಗುವ ದಾರಿ, ಬರುವ ದಾರಿ ಎರಡೂ ಸಾಲದಾದವು.

ಸಂಖ್ಯೆಗಿಂತ ದೊಡ್ಡ ತೊಂದರೆ ಆ ಕಾರ್ಡುಗಳು ಕೇಳುತ್ತಿದ್ದ ಪ್ರಶ್ನೆಯಲ್ಲಿತ್ತು. ಮುಂಭಾಗದಲ್ಲಿ ಒಂಟಿ ಕಾಂಜಿ, ಹಿಂಭಾಗದಲ್ಲಿ ಅದರ ಎಲ್ಲ ಓದುಗಳ, ಅಂದರೆ ಉಚ್ಚಾರಣೆಗಳ ಪಟ್ಟಿ. ಇದರಲ್ಲಿ ಏನು ತಪ್ಪಿದೆ ಎಂಬುದು ನನಗೆ ಕನ್ನಡದ ಮೂಲಕವೇ ತಿಳಿಯಿತು. ನೀರನ್ನು ಸೂಚಿಸುವ ಕಾಂಜಿ ಒಂಟಿಯಾಗಿದ್ದಾಗ 'ಮಿಝು', ಸಮಾಸದಲ್ಲಿ ಸಾಮಾನ್ಯವಾಗಿ 'ಸುಯಿ'. ನಲ್ಲಿ ನೀರಿನ ಸರಬರಾಜು 'ಸುಯಿದೋ', ಬುಧವಾರ 'ಸುಯಿಯೋಬಿ'. ಮೊದಲನೆಯದು ಜಪಾನಿನ ಸ್ವಂತ ಮಾತು, ಎರಡನೆಯದು ಚೀನಾದಿಂದ ಅಕ್ಷರದ ಜೊತೆಗೆ ಬಂದ ಉಚ್ಚಾರಣೆ. ಕನ್ನಡದಲ್ಲಿ ನೀರಿಗೂ ಜಲಕ್ಕೂ ಒಂದೇ ಚಿತ್ರಾಕ್ಷರ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ಆ ಚಿತ್ರ ಒಂಟಿಯಾಗಿ ಬಂದರೆ ನಾವು ನೀರು ಎಂದು ಓದುತ್ತಿದ್ದೆವು, 'ಪಾತ', 'ಆಶಯ'ಗಳ ಜೊತೆ ಬಂದರೆ ಜಲಪಾತ, ಜಲಾಶಯ ಎಂದು ಓದುತ್ತಿದ್ದೆವು. ಯಾವ ಕನ್ನಡದ ಮಗುವೂ 'ನೀರು, ಜಲ, ಉದಕ, ಪಾನೀಯ' ಎಂದು ಪಟ್ಟಿ ಒಪ್ಪಿಸಿ ಇದನ್ನು ಕಲಿತಿಲ್ಲ. ಪದಗಳು ಮೊದಲು ಕಿವಿಗೆ ಬಿದ್ದವು, ಒಳಗಿನ ಬಂಧುತ್ವ ಆಮೇಲೆ ಕಂಡಿತು. ಬದುಕು, ಹುಟ್ಟು, ಹಸಿ ಎಂಬ ಅರ್ಥಗಳ ಕಾಂಜಿಯಂತೂ ವಿದ್ಯಾರ್ಥಿ ಎಂಬ 'ಗಕುಸೇ'ಯಲ್ಲಿ 'ಸೇ', ಇಡೀ ಜೀವಮಾನ ಎಂಬ 'ಇಸ್ಶೋ'ದಲ್ಲಿ 'ಶೋ', ಹಸಿ ಮೊಟ್ಟೆ ಎಂಬ 'ನಮತಮಗೊ'ದಲ್ಲಿ 'ನಮ', ಬದುಕು ಎಂಬ ಕ್ರಿಯಾಪದದಲ್ಲಿ 'ಇ', ಹುಟ್ಟು ಎಂಬುದರಲ್ಲಿ 'ಉ'. ಇವನ್ನೆಲ್ಲ ಒಂದೇ ಕಾರ್ಡಿನ ಬೆನ್ನಿಗೆ ಬರೆದಿಟ್ಟರೆ, ಐದರಲ್ಲಿ ಮೂರು ನೆನಪಾದಾಗ ಕಾರ್ಡು ಸರಿಯೋ ತಪ್ಪೋ ಎಂಬುದಕ್ಕೆ ಪ್ರಾಮಾಣಿಕ ಉತ್ತರವೇ ಇರುವುದಿಲ್ಲ.

ಹಾಗಾಗಿ ಸಿದ್ಧ ಕಟ್ಟನ್ನು ಅಳಿಸಿ, ಒಂದು ಪದಕ್ಕೆ ಒಂದು ಕಾರ್ಡಿನಂತೆ ನಾನೇ ಬರೆಯಲು ತೊಡಗಿದೆ. ಆಂಕಿಯಲ್ಲಿ ಪದ, ಓದು, ಅರ್ಥ, ಉದಾಹರಣೆ ಎಂಬ ಕಾಲಮ್ಮುಗಳಲ್ಲಿ ಒಮ್ಮೆ ತುಂಬಿದರೆ ಅದರಿಂದಲೇ ಬೇರೆ ಬೇರೆ ದಿಕ್ಕಿನ ಕಾರ್ಡುಗಳನ್ನು ಹುಟ್ಟಿಸಬಹುದು. ನನ್ನ ಸಹಪಾಠಿಯೊಬ್ಬಳು ಕಾಂಜಿ ಕಲಿಸುವ ವಾನಿಕಾನಿ ಎಂಬ ತಾಣವನ್ನು ಬಳಸುತ್ತಾಳೆ. ಅರವತ್ತು ಹಂತಗಳು, ಮೊದಲ ಮೂರು ಉಚಿತ, ಆಮೇಲೆ ಚಂದಾ. ಅಕ್ಷರದ ಭಾಗಗಳಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ ಏರುವ ಅದರ ಕ್ರಮ ಚೆನ್ನಾಗಿದೆ. ಅರ್ಥವನ್ನೂ ಓದನ್ನೂ ಟೈಪ್ ಮಾಡಿಯೇ ಉತ್ತರಿಸಬೇಕಾದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತು ಎಂದುಕೊಂಡು ದಾಟಲು ಅಲ್ಲಿ ಆಗುವುದಿಲ್ಲ. ಈ ಗುಣದ ಬೆಲೆ ನನಗೆ ಆಗ ತಿಳಿದಿರಲಿಲ್ಲ, ಕ್ರೇಟುಗಳ ಪ್ರಸಂಗದ ನಂತರ ತಿಳಿಯಿತು. ಆದರೆ ಅಕ್ಷರ ನೆನಪಿರಲೆಂದು ಅದು ಕಟ್ಟಿಕೊಡುವ ಕಥೆಗಳೆಲ್ಲ ಇಂಗ್ಲಿಷಿನ ಧ್ವನಿ, ಇಂಗ್ಲಿಷಿನ ಶ್ಲೇಷೆಗಳ ಮೇಲೆ ನಿಂತಿವೆ. ಅವು ನನ್ನಲ್ಲಿ ಬೇರೂರಲಿಲ್ಲ.

ಗುಡಿಯ ಸುತ್ತ ಇರುವವರು

ಕಾಯು, ಹಿಡಿ ಎರಡರ ಬಲಭಾಗದಲ್ಲೂ ಇರುವುದು ಗುಡಿ. ಬೌದ್ಧ ದೇವಾಲಯಕ್ಕೆ ಹೇಳುವ 'ತೆರ' ಎಂಬ ಕಾಂಜಿ. ಅದರ ಎಡಕ್ಕೆ ಸೂರ್ಯ ಬಂದರೆ ಹೊತ್ತು, ನುಡಿ ಬಂದರೆ ಕವಿತೆ, ಮನುಷ್ಯ ಬಂದರೆ ಸಮುರಾಯಿ, ಕೈ ಬಂದರೆ ಹಿಡಿ, ನಡಿಗೆ ಬಂದರೆ ಕಾಯು, ಹಸು ಅಥವಾ ಎತ್ತು ಬಂದರೆ ವಿಶೇಷ. ಇವುಗಳಲ್ಲಿ ಹಲವು 'ಜಿ' ಎಂಬ ಚೀನೀ ಮೂಲದ ಓದನ್ನು ಹಂಚಿಕೊಂಡಿವೆ. ಗುಡಿ ಅಲ್ಲಿ ಬಂದಿರುವುದು ಹೆಚ್ಚಾಗಿ ಉಚ್ಚಾರಣೆಯ ಗುರುತಾಗಿ. ಆದ್ದರಿಂದ ಅದಕ್ಕೆ ನಾವು ಕಟ್ಟುವ ಕಥೆ ಅಕ್ಷರದ ಚರಿತ್ರೆ ಆಗಲಾರದು, ನೆನಪಿನ ಊರುಗೋಲು ಮಾತ್ರ. ಹಾಗಿದ್ದ ಮೇಲೆ ಆ ಊರುಗೋಲು ನನ್ನ ಊರಿನ ಮರದ್ದೇ ಆಗಲಿ ಎಂದು ನಿರ್ಧರಿಸಿದೆ.

ಗುಡಿಯ ಮುಂದಿನ ದಾರಿಯಲ್ಲಿ ದರ್ಶನಕ್ಕೆ ಸಾಲು ನಿಂತಿದ್ದಾರೆ, ಕಾಯುತ್ತಿದ್ದಾರೆ. ಗುಡಿಯಲ್ಲಿ ಪ್ರಸಾದಕ್ಕೆ ಒಡ್ಡಿದ ಕೈ, ಹಿಡಿಯುತ್ತದೆ. ಗೋಪುರದ ಪಕ್ಕಕ್ಕೆ ಸೂರ್ಯ ಬಂದನೆಂದರೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತದೆ. ಎತ್ತಿನ ಕಾರ್ಡಿಗೆ ಕಥೆ ಕಟ್ಟಬೇಕಾಗಿಯೇ ಇರಲಿಲ್ಲ. ದೇವರ ಹೆಸರಿನಲ್ಲಿ ಗುಡಿಗೆ ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿದರೂ ಯಾರೂ ಹೊಡೆಯದೆ ಕೈಮುಗಿಯುವುದನ್ನು ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಅದು ವಿಶೇಷವಾದ ಎತ್ತು. ಆ ಕಾಂಜಿಯನ್ನು ನಾನು ಇದುವರೆಗೆ ಒಮ್ಮೆಯೂ ಮರೆತಿಲ್ಲ. ಕಾರ್ಡಿನ ಟಿಪ್ಪಣಿಯ ಜಾಗದಲ್ಲಿ 'ಗುಡಿಗೆ ಬಿಟ್ಟ ಬಸವ' ಎಂಬ ಮೂರು ಪದಗಳಷ್ಟೇ ಇವೆ. ನಮ್ಮ ಭಾಷೆಯಲ್ಲಿ ಸಿದ್ಧವಾದ ಕಾಂಜಿ ಕಟ್ಟುಗಳಿಲ್ಲ ಎಂದು ಕೊರಗುತ್ತಿದ್ದ ನನಗೆ, ಕಾಲಮ್ಮುಗಳನ್ನು ಖಾಲಿ ಬಿಟ್ಟು ಕೊಡುವ ತಂತ್ರಾಂಶವೇ ಹೆಚ್ಚು ಉಪಕಾರಿ ಎಂದು ಆಗ ಅನ್ನಿಸಿತು.

ಆದರೂ ಬಸವನನ್ನು ಮರೆಯದ ನಾನು ಸಾಲಿನಲ್ಲಿ ಕಾಯುವವರನ್ನೂ ಪ್ರಸಾದ ಹಿಡಿಯುವವರನ್ನೂ ಅದಲುಬದಲು ಮಾಡಿದೆ. ಕಥೆ ಇತ್ತು. ಎಡಕ್ಕೆ ಇರುವುದು ಕೈಯೋ ನಡಿಗೆಯೋ ಎಂದು ನೋಡುವ ಕಣ್ಣು ಇರಲಿಲ್ಲ.

ಅಕ್ಷರದ ಮುಖ

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ಹೇಳಲೇಬೇಕು, ಏಕೆಂದರೆ ಫೋನಿನಲ್ಲಿ ಕಾಂಜಿ ಕಲಿಯುವ ನಮ್ಮ ಕಡೆಯ ಹೆಚ್ಚಿನವರು ಇದರಲ್ಲಿ ಎಡವುತ್ತಾರೆ, ಎಡವಿದ್ದು ಗೊತ್ತೂ ಆಗುವುದಿಲ್ಲ. ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿಗಾಗಿ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಚೀನೀ, ಜಪಾನೀ, ಕೊರಿಯನ್ ಬರವಣಿಗೆಗಳ ಸಮಾನ ಅಕ್ಷರಗಳಿಗೆ ಒಂದೇ ಸಂಖ್ಯೆ ಕೊಡಲಾಗಿದೆ. ರೂಪದಲ್ಲಿರುವ ಸಣ್ಣ ವ್ಯತ್ಯಾಸವನ್ನು ತೋರಿಸುವ ಹೊಣೆ ಫಾಂಟಿನದು. ಫೋನಿನ ಭಾಷೆ ಕನ್ನಡ ಅಥವಾ ಇಂಗ್ಲಿಷ್ ಆಗಿದ್ದು, ಭಾಷೆಗಳ ಪಟ್ಟಿಯಲ್ಲಿ ಜಪಾನಿ ಇಲ್ಲದಿದ್ದರೆ, ಆಂಡ್ರಾಯ್ಡ್ ಎಷ್ಟೋ ಬಾರಿ ಚೀನೀ ರೂಪವನ್ನು ತೋರಿಸುತ್ತದೆ. 'ನೇರ' ಎಂಬ ಕಾಂಜಿಯ ಜಪಾನೀ ರೂಪದಲ್ಲಿ ಕಣ್ಣಿನ ಚೌಕದ ಎಡಕ್ಕೆ ಇಳಿದು ಕೆಳಗೆ ಬಲಕ್ಕೆ ಹೊರಳುವ ಮೂಲೆಗೆರೆ ಇದೆ. ಚೀನೀ ರೂಪದಲ್ಲಿ ಚೌಕವು ಅಡ್ಡಗೆರೆಯ ಮೇಲೆ ಸುಮ್ಮನೆ ಕೂತಿರುತ್ತದೆ. 'ಎಲುಬು' ಎಂಬುದರ ಮೇಲ್ಭಾಗದ ಒಳಮೂಲೆ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ನಾನು ಏಳು ತಿಂಗಳು 'ನೇರ'ವನ್ನು ಚೀನೀ ರೂಪದಲ್ಲಿ ಕಲಿತು ತರಗತಿಯ ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ. ಸೆನ್ಸೇ, ಅಂದರೆ ತರಗತಿಯ ಗುರುಗಳು, ಕೆಂಪು ಗೆರೆ ಎಳೆದು, ಈ ಪುಸ್ತಕ ಎಲ್ಲಿಯದು ಎಂದು ಕೇಳಿದರು. ಪುಸ್ತಕವಲ್ಲ, ಫೋನು ಎಂದೆ.

ಸರಿಪಡಿಸುವುದು ಕಷ್ಟವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಪಾನಿಯನ್ನು ಎರಡನೆಯ ಭಾಷೆಯಾಗಿ ಸೇರಿಸಬಹುದು. ಆಂಕಿಯಲ್ಲಾದರೆ ಕಾರ್ಡಿನ ವಿನ್ಯಾಸದಲ್ಲೇ ಇದು ಜಪಾನೀ ಭಾಷೆ ಎಂದು ಗುರುತು ಹಾಕಬಹುದು, ಅಥವಾ ಬೇಕಾದ ಫಾಂಟನ್ನೇ ಕಾರ್ಡುಗಳ ಜೊತೆ ಇಟ್ಟುಬಿಡಬಹುದು. ನಾನು ಪಠ್ಯಪುಸ್ತಕದ ಶೈಲಿಯ ಒಂದು ಫಾಂಟು, ಮುದ್ರಣದ ಒಂದು, ಕೈಬರಹ ಹೋಲುವ ಒಂದು, ಹೀಗೆ ಮೂರನ್ನು ಹಾಕಿ ಒಂದೇ ಪದ ಬೇರೆ ಬೇರೆ ದಿನ ಬೇರೆ ಬೇರೆ ಮುಖದಲ್ಲಿ ಬರುವಂತೆ ಮಾಡಿಕೊಂಡಿದ್ದೇನೆ. ಒಂದೇ ಫಾಂಟಿನಲ್ಲಿ ನಾಲ್ಕು ವರ್ಷ ಕಲಿತವರಿಗೆ ಗೊತ್ತಿರುವುದು ಆ ಫಾಂಟಿನ ಅಕ್ಷರ. ಇಷ್ಟನ್ನು ಮಾಡಲು ಬಿಡದ ಆ್ಯಪ್ ಎಷ್ಟೇ ಚೆಂದವಿದ್ದರೂ ಕಾಂಜಿಗೆ ಸಾಲದು ಎಂಬುದು ನನ್ನ ತೀರ್ಮಾನ.

ನಾಲ್ಕು ಬಟನ್ನುಗಳು

ಅಂತರವನ್ನು ಹಿಗ್ಗಿಸುತ್ತಾ ಕೇಳುವ ಲೆಕ್ಕಾಚಾರದ ಬಗ್ಗೆ ಕಲಿಯುವವರು ಬಹಳ ವಾದಿಸುತ್ತಾರೆ. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ತಮ್ಮ ಕಂಪ್ಯೂಟರಿಗಾಗಿ ರೂಪಿಸಿದ ಎಸ್‌ಎಂ-2 ಎಂಬ ಕ್ರಮದ ಮೇಲೆ ಆಂಕಿ ಬಹುಕಾಲ ನಡೆಯಿತು. 2023ರಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಕ್ರಮವೂ ಅದರಲ್ಲಿದೆ. ಅದು ನಮ್ಮದೇ ಮರೆವಿನ ದಾಖಲೆಯನ್ನು ನೋಡಿ, ಯಾವ ಕಾರ್ಡು ನೆನಪಿನಲ್ಲಿ ಉಳಿದಿರುವ ಸಾಧ್ಯತೆ ಶೇಕಡಾ 90ಕ್ಕೆ ಇಳಿಯುವುದು ಯಾವಾಗ ಎಂದು ಅಂದಾಜು ಮಾಡಿ ಅದೇ ಸುಮಾರಿಗೆ ಕೇಳುತ್ತದೆ. ಆ 90ನ್ನು ನಾವು ಬದಲಿಸಿಕೊಳ್ಳಬಹುದು. ನಾನು ಹೊಸದಕ್ಕೆ ಹೋದೆ, ದಿನದ ಹೊರೆ ತುಸು ತಗ್ಗಿತು. ಈ ಬಗ್ಗೆ ಇಷ್ಟು ಸಾಕು, ಏಕೆಂದರೆ ನನ್ನ ತಪ್ಪಿಗೆ ಕಾರಣ ಲೆಕ್ಕಾಚಾರದಲ್ಲಿ ಇರಲಿಲ್ಲ.

ಕಾರಣ ಹೆಬ್ಬೆರಳಿನಲ್ಲಿತ್ತು. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಬಟನ್ನುಗಳು ಬರುತ್ತವೆ. ಮರೆತಿದ್ದರೆ ಅಗೇನ್. ಕಷ್ಟಪಟ್ಟು ನೆನಪಾದರೆ ಹಾರ್ಡ್. ಬಸ್ಸಿನಲ್ಲಿ, ಇಳಿಯಲು ಹತ್ತು ನಿಮಿಷವಿದ್ದು ಇನ್ನೂ ಎಪ್ಪತ್ತು ಕಾರ್ಡು ಬಾಕಿ ಇದ್ದಾಗ, ಉತ್ತರ ಕಂಡೊಡನೆ 'ಹೌದು, ಇದೇ ಅಂದುಕೊಂಡಿದ್ದೆ' ಎಂದು ಮನಸ್ಸು ಹೇಳುತ್ತದೆ. ಅಂದುಕೊಂಡಿರುವುದಿಲ್ಲ. ಕಂಡ ಮೇಲೆ ಪರಿಚಿತವೆನಿಸಿರುತ್ತದೆ. ಮರೆತದ್ದಕ್ಕೂ ನಾನು ಹಾರ್ಡ್ ಒತ್ತುತ್ತಿದ್ದೆ, ಪೂರ್ತಿ ಮರೆತಿರಲಿಲ್ಲವಲ್ಲ ಎಂಬ ಸಮಾಧಾನದಲ್ಲಿ. ಲೆಕ್ಕಾಚಾರದ ದೃಷ್ಟಿಯಲ್ಲಿ ಹಾರ್ಡ್ ಎಂದರೆ ಸರಿಯುತ್ತರ. ಹಾಗೆ ಒತ್ತಿದಾಗಲೆಲ್ಲ ಅಂತರ ಹಿಗ್ಗಿತು, ನಾಲ್ಕು ತಿಂಗಳಾಯಿತು, ಐದು ತಿಂಗಳಾಯಿತು. ಪದೇ ಪದೇ ಮರೆಯುವ ಕಾರ್ಡನ್ನು ಆಂಕಿ 'ಲೀಚ್', ಅಂದರೆ ಜಿಗಣೆ ಎಂದು ಎಂಟು ಸಲ ಮರೆತಾಗ ಗುರುತಿಸುತ್ತದೆ. ನನ್ನ ಕಟ್ಟಿನಲ್ಲಿ ಆಂಕಿಗೆ ಬಂದಾಗಿನಿಂದ ಮೂರೇ ಜಿಗಣೆಗಳು ಸಿಕ್ಕಿದ್ದವು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಜಪಾನೀ ಭಾಷಾ ಸಾಮರ್ಥ್ಯದ ಪರೀಕ್ಷೆಯೂ ಇದನ್ನು ಬಯಲು ಮಾಡಲಿಲ್ಲ. ಜೆಎಲ್‌ಪಿಟಿಯಲ್ಲಿ ಬರೆಯುವ ಭಾಗವೇ ಇಲ್ಲ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಆಯಿತು. ಅದರ ಎನ್-3 ಎಂಬ ನಡುಹಂತವನ್ನು ಸಲೀಸಾಗಿ ಪಾಸಾದೆ. ಕೈಬರಹ ಈಗ ಯಾರಿಗೆ ಬೇಕು ಎಂದು ನಾನೂ ವಾದಿಸಿದ್ದೆ. ಆ ವಾದಕ್ಕೆ ಆಧಾರವೂ ಇದೆ: ಜನ ಕಂಪ್ಯೂಟರಿನಲ್ಲಿ ಬರೆಯುವ ಕಾಲ ಬಂದದ್ದನ್ನು ಗಮನದಲ್ಲಿಟ್ಟೇ 2010ರಲ್ಲಿ ಜೋಯೋ ಪಟ್ಟಿಯನ್ನು ಪರಿಷ್ಕರಿಸಲಾಯಿತು. ಖಿನ್ನತೆ ಎಂಬ ಅರ್ಥದ 29 ಗೆರೆಗಳ 'ಉತ್ಸು' ಕೂಡ ಆಗ ಪಟ್ಟಿಗೆ ಸೇರಿತು. ಎಲ್ಲವನ್ನೂ ಕೈಯಲ್ಲಿ ಬರೆಯಬಲ್ಲವರಾಗಬೇಕೆಂಬ ನಿರೀಕ್ಷೆ ಜಪಾನಿಯರ ಮೇಲೂ ಇಲ್ಲ. ಆದರೆ ಬರೆಯದೆ ಇದ್ದವಳಿಗೆ, ಇನ್ನೊಬ್ಬರು ಬರೆದದ್ದರಲ್ಲಿ ಯಾವ ಗೆರೆ ಎಲ್ಲಿಂದ ಹೊರಟು ಯಾವುದಕ್ಕೆ ಕೂಡಿಕೊಂಡಿದೆ ಎಂದು ಕಾಣುವುದಿಲ್ಲ. ಅವಸರದ ಕೈಯಲ್ಲಿ ಮೂರು ಗೆರೆ ಒಂದೇ ಎಳೆತವಾಗುತ್ತದೆ. ಗೆರೆಗಳ ಕ್ರಮ ಕೈಗೆ ಗೊತ್ತಿದ್ದರೆ ಮಾತ್ರ ಕಣ್ಣು ಆ ಎಳೆತವನ್ನು ಬಿಡಿಸಿಕೊಳ್ಳುತ್ತದೆ.

ಕೇಳುವವರು ಯಾರು

ದೀಪಾವಳಿಗೆ ಅವ್ವ ಧಾರವಾಡದಿಂದ ಬಂದಳು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಮೊಮ್ಮಗಳು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಓದುತ್ತಾಳೆ, ಕನ್ನಡ ಮನೆಯಲ್ಲೇ ಆಗಬೇಕು ಎಂದು ಬರುವಾಗಲೇ ಪಾಟಿ, ಬಳಪ ತಂದಿದ್ದಳು. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂಡಿಸಿಕೊಂಡು, ತಾನು ದೊಡ್ಡದಾಗಿ ಬರೆದ ಅಕ್ಷರದ ಮೇಲೆ ಮಗುವಿನ ಕೈ ಹಿಡಿದು ತಿದ್ದಿಸುವುದು, ಆಮೇಲೆ ಪಾಟಿ ಒರೆಸಿ ನೋಡದೆ ಬರೆಸುವುದು. ಮಗ್ಗಿಯನ್ನೂ ಹಾಗೆಯೇ ಕೇಳುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಒಪ್ಪಿಸಿದರೆ ಒಪ್ಪುತ್ತಿರಲಿಲ್ಲ, ಅಡ್ಡಾದಿಡ್ಡಿ ಕೇಳುವುದು. "ಏಳೊಂಬತ್ಲೆ?" ಮಗು ಮೆಲ್ಲಗೆ ಏಳೊಂದ್ಲೆಯಿಂದ ಎಣಿಸಿಕೊಂಡು ಬರುತ್ತಿದ್ದರೆ, "ಹಂಗಲ್ಲ, ಸೀದಾ ಹೇಳು" ಎನ್ನುತ್ತಿದ್ದಳು.

ಒಂದು ದಿನ ನಾನು ಪಕ್ಕದಲ್ಲಿ ಕುಳಿತು ಕಾರ್ಡುಗಳನ್ನು ಮುಗಿಸುತ್ತಿದ್ದೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. "ಏನ ತಂಗಿ, ದಿನಾ ಮುಂಜಾನೆ ಇದನ್ನ ಒತ್ತಕೋತ ಕೂಡ್ತಿಯಲ್ಲ, ಇದರಾಗ ಕೇಳೋರ ಯಾರು, ಹೇಳೋರ ಯಾರು?"

"ಕೇಳೂದು ಮೊಬೈಲು, ಹೇಳೂದು ನಾನ ಅವ್ವಾ."

"ಮತ್ತ ತಪ್ಪಾದ್ರ ತಪ್ಪ ಅನ್ನೋರ ಯಾರು?"

"ಅದೂ ನಾನ."

ಅವಳು ಏನೂ ಹೇಳದೆ ಕೈ ಚಾಚಿ ಫೋನು ತೆಗೆದುಕೊಂಡಳು, ಮೊಮ್ಮಗಳ ಪಾಟಿಯನ್ನು ನನ್ನ ಮುಂದೆ ಇಟ್ಟಳು. ಕನ್ನಡದ ಅರ್ಥ ಮುಂದೆ, ಜಪಾನೀ ಪದ ಹಿಂದೆ ಇರುವ ಕಾರ್ಡುಗಳು ನನ್ನ ಕಟ್ಟಿನಲ್ಲಿ ಇದ್ದವು, ಆದರೆ ಬಸ್ಸಿಗೆ ಕಷ್ಟವೆಂದು ಅವನ್ನು ನಿಲ್ಲಿಸಿಟ್ಟಿದ್ದೆ. ಅವನ್ನು ತೆರೆದುಕೊಟ್ಟೆ. ಅವ್ವನಿಗೆ ಜಪಾನಿಯ ಒಂದಕ್ಷರವೂ ಬಾರದು. ಕನ್ನಡ ಓದಿ ಕೇಳಿದಳು: "ಸಾಲಿನಲ್ಲಿ ಕಾಯುವುದು. ಬರಿ." ನಾನು ಬರೆದೆ. ಅವಳು ಹಿಂಭಾಗ ತೆರೆದು, ಕನ್ನಡಕ ಸರಿಮಾಡಿಕೊಂಡು, ಫೋನನ್ನೂ ಪಾಟಿಯನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. "ಇಲ್ಲೆ ಎಡಕ್ಕ ಎರಡ ಓರೆ ಗೆರಿ ಅದಾವು. ನೀ ಒಂದ ಹಾಕೀದಿ. ತಪ್ಪು." ಗುಡಿಯ ಪಕ್ಕ ಒಂದೇ ಓರೆಗೆರೆ ಹಾಕಿದರೆ ಅದು ನಡಿಗೆ ಆಗುವುದಿಲ್ಲ, ಮನುಷ್ಯ ಆಗುತ್ತಾನೆ. ನಾನು ಬರೆದದ್ದು ಸಮುರಾಯಿ. ಯಾವ ಬಟನ್ನು ಒತ್ತಬೇಕೆಂದು ಕೇಳಿ, ಅವ್ವ ಅಗೇನ್ ಒತ್ತಿದಳು. ಆ ಬೆಳಿಗ್ಗೆ ನಲವತ್ತು ಕಾರ್ಡು ಕೇಳಿದಳು. ಇಪ್ಪತ್ತಮೂರಕ್ಕೆ ಅಗೇನ್ ಬಿತ್ತು. ಬಟನ್ನು ನನ್ನ ಕೈಯಲ್ಲಿದ್ದರೆ ಅವುಗಳಲ್ಲಿ ಹದಿನೆಂಟಕ್ಕಾದರೂ ಗುಡ್ ಒತ್ತುತ್ತಿದ್ದೆ.

ಹಬ್ಬ ಮುಗಿದು ಅವ್ವ ಊರಿಗೆ ಹೋದ ಮೇಲೆ ನಾನು ಆ್ಯಪನ್ನು ಬದಲಿಸಲಿಲ್ಲ, ಅದರೊಳಗಿನ ಏರ್ಪಾಡನ್ನು ಬದಲಿಸಿದೆ. ನಾಲ್ಕು ಬಟನ್ನುಗಳಲ್ಲಿ ಎರಡನ್ನು ಮಾತ್ರ ಬಳಸುತ್ತೇನೆ, ಅಗೇನ್ ಮತ್ತು ಗುಡ್. ಆಂಕಿಡ್ರಾಯ್ಡಿನಲ್ಲಿ ವೈಟ್‌ಬೋರ್ಡ್ ಎಂಬ ಸೌಲಭ್ಯವಿದೆ, ಕಾರ್ಡಿನ ಮೇಲೆಯೇ ಬೆರಳಿನಿಂದ ಬರೆಯಬಹುದು. ಬರೆದು ಮುಗಿಸುವವರೆಗೆ ಉತ್ತರ ತೆರೆಯುವುದಿಲ್ಲ. ಉತ್ತರ ತೆರೆದ ಮೇಲೆ ಎಡಭಾಗವನ್ನು ಮೊದಲು ನೋಡುತ್ತೇನೆ. ಬರೆದ ಗೆರೆಯನ್ನು ಆ್ಯಪೇ ತಿದ್ದಬೇಕು ಎನ್ನುವವರಿಗೆ ಸ್ಕ್ರಿಟರ್ ಇದೆ, ತಪ್ಪು ಗೆರೆ ಹಾಕಿದರೆ ಅಲ್ಲೇ ಹಿಡಿಯುತ್ತದೆ, ಆದರೆ ಚಂದಾ ಕಟ್ಟುತ್ತಿರಬೇಕು. ಆಂಡ್ರಾಯ್ಡಿನ ಕಾಂಜಿ ಸ್ಟಡಿ ಎಂಬುದರಲ್ಲೂ ಬರೆಯುವ ಅಭ್ಯಾಸವಿದೆ. ಎರಡನ್ನೂ ಕೆಲವು ವಾರ ಬಳಸಿದ್ದೇನೆ, ಆರಂಭಿಕರಿಗೆ ಧೈರ್ಯವಾಗಿ ಹೇಳುತ್ತೇನೆ. ನಾನು ಆಂಕಿಯಲ್ಲೇ ಉಳಿದದ್ದು ಕಾರ್ಡಿನ ಮುಖದಲ್ಲಿ ಕನ್ನಡ ಇರಬಹುದು ಎಂಬ ಕಾರಣಕ್ಕೆ, ಜಪಾನಿ ಬಾರದ ಅವ್ವನೂ ಅದನ್ನು ಕೈಗೆ ತೆಗೆದುಕೊಂಡು ನನ್ನನ್ನು ಕೇಳಬಹುದು ಎಂಬ ಕಾರಣಕ್ಕೆ. ಈಗ ಭಾನುವಾರದ ಸಂಜೆ ವಿಡಿಯೋ ಕರೆಯಲ್ಲಿ ಮಗಳು ಫೋನು ಹಿಡಿದು ಅಕ್ಷರ ತೋರಿಸುತ್ತಾಳೆ, ನಾನು ಪಾಟಿಯಲ್ಲಿ ಬರೆದು ಕ್ಯಾಮೆರಾಕ್ಕೆ ಹಿಡಿಯುತ್ತೇನೆ, ಧಾರವಾಡದಿಂದ ತೀರ್ಪು ಬರುತ್ತದೆ.

ದಿನಕ್ಕೆ ಹೊಸ ಕಾರ್ಡು ಇಪ್ಪತ್ತರಿಂದ ಆರಕ್ಕೆ ಇಳಿದಿದೆ. ಜಿಗಣೆಗಳು ಮೂರರಿಂದ ಅರವತ್ತೊಂದಕ್ಕೆ ಏರಿವೆ. ಅವುಗಳಲ್ಲಿ ಹೆಚ್ಚಿನವು ಜೋಡಿಗಳು. ಒಂದನ್ನು ಮರೆಯುವುದೆಂದರೆ ಇನ್ನೊಂದೆಂದು ತಿಳಿಯುವುದು. ಅಂಥ ಜೋಡಿಗಳನ್ನು ಬೇರೆ ಕಟ್ಟಿಗೆ ಸರಿಸಿ ಎರಡನ್ನೂ ಒಂದೇ ಕಾರ್ಡಿನ ಮೇಲೆ ಅಕ್ಕಪಕ್ಕ ಇಟ್ಟು, ಯಾವುದು ಯಾವುದು ಎಂದು ಕೇಳಿಕೊಳ್ಳುತ್ತೇನೆ.

ಕೈಬರಹದ್ದು ಮಾತ್ರ ಉಳಿದಿತ್ತು. ಫಾಂಟು ಎಷ್ಟೇ ಕೈಬರಹದಂತೆ ಕಂಡರೂ ಒಬ್ಬ ವ್ಯಕ್ತಿಯ ಕೈಯಾಗಲಾರದು. ಕಳೆದ ತಿಂಗಳು ಆ ಹಿರಿಯ ಇಂಜಿನಿಯರು ಮತ್ತೆ ಚಾಕಣಕ್ಕೆ ಬಂದಾಗ, ಊಟದ ವೇಳೆಯಲ್ಲಿ ಒಂದು ಖಾಲಿ ಹಾಳೆ ಕೊಟ್ಟು, ಕ್ರೇಟುಗಳ ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವ ಪದಗಳನ್ನು ಬರೆದುಕೊಡುವಿರಾ ಎಂದು ಕೇಳಿದೆ. ನನಗಾಗಿ ನಿಧಾನವಾಗಿ ಬರೆಯಬೇಡಿ, ಎಂದಿನಂತೆ ಅವಸರದಲ್ಲೇ ಬರೆಯಿರಿ ಎಂದೂ ಹೇಳಿದೆ. ಅವರು ನಕ್ಕು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಇಪ್ಪತ್ತೆಂಟು ಪದಗಳನ್ನು ಎರಡು ನಿಮಿಷದಲ್ಲಿ ಬರೆದರು. ಹಾಳೆಯನ್ನು ಗೇಟಿನಲ್ಲಿ ತೋರಿಸಿ, ಅನುಮತಿ ಪಡೆದು ಮನೆಗೆ ತಂದೆ. ಒಂದೊಂದು ಪದದ ಚಿತ್ರ ತೆಗೆದು ಒಂದೊಂದು ಕಾರ್ಡಿನ ಮುಂಭಾಗಕ್ಕೆ ಅಂಟಿಸಿದೆ. ಮೊದಲನೆಯ ಕಾರ್ಡು 'ಕೆನ್ಸ-ಮಚಿ'. ಅದರಲ್ಲಿ ಎರಡು ಓರೆಗೆರೆಗಳೂ ಅವುಗಳ ಕೆಳಗಿನ ಕಂಬವೂ ಸೇರಿ ಒಂದೇ ಕೊಂಡಿಯಾಗಿವೆ. ಇದುವರೆಗೆ ಒಂಬತ್ತು ಸಲ ಬಂದಿದೆ. ನಾಲ್ಕು ಸಲ ಅಗೇನ್ ಒತ್ತಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿನಲ್ಲಿ ಮತ್ತೆ ಬರುತ್ತದೆ.